ಮೂಡಲ ಓಣಿ ಹೊರಟ ವರ್ಷ

ನಾನು ಸೊಸೆಯಾಗಿ ಆ ಊರಿಗೆ ಬಂದಾಗ ಊರಿನ ತೆಂಕಣ ಅಂಚಿನಲ್ಲಿ ದೊಡ್ಡದೊಂದು ಬಯಲಿತ್ತು. ಅಲ್ಲಿ ಕುರಿ ತರುಬುತ್ತಿದ್ದರು, ಮೆಣಸಿನಕಾಯಿ ಒಣಹಾಕುತ್ತಿದ್ದರು, ಸಂಜೆಯಾದರೆ ಗಂಡಸರು ಗುಂಪು ಕೂತು ಹರಟುತ್ತಿದ್ದರು. ಬಯಲಿನ ಅಂಚು ಮಾತ್ರ ಕತ್ತರಿಯಿಂದ ಕತ್ತರಿಸಿದಷ್ಟು ನೇರ. ಇಷ್ಟು ಒಳ್ಳೆಯ ಜಾಗದಲ್ಲಿ ಯಾಕೆ ಯಾರೂ ಮನೆ ಕಟ್ಟಿಲ್ಲ ಎಂದು ಅತ್ತೆಯನ್ನು ಕೇಳಿದೆ. "ಅಲ್ಲಿ ತೆಂಕಲ ಓಣಿ ಇತ್ತಲ್ಲಬೇ," ಎಂದರು ಅತ್ತೆ, ಜೋಳ ಕೇರುತ್ತ. "ನಿಮ್ಮ ಮಾವ ಸಣ್ಣಾವ್ರಿದ್ದಾಗ ಹೋತು." ಎಲ್ಲಿಗೆ ಎಂದದ್ದಕ್ಕೆ ಮೊರವನ್ನು ಒಂದು ಸಲ ತೆಂಕಣ ದಿಕ್ಕಿನತ್ತ ಎತ್ತಿ ತೋರಿಸಿ ಮತ್ತೆ ಕೇರತೊಡಗಿದರು.

ಆ ಊರಿನಲ್ಲಿ ಓಣಿಗಳು ಹೋಗಬಹುದಿತ್ತು. ಮನೆ, ಬಾವಿ, ಹುಣಸೆಮರ, ಕಟ್ಟೆಯ ಮೇಲೆ ಮಲಗಿದ ನಾಯಿ, ಎಲ್ಲ ಸಮೇತ. ನನ್ನ ತವರಿನಲ್ಲಿ ಇಂಥದ್ದನ್ನು ಕೇಳಿರಲಿಲ್ಲ. ಆದರೆ ಹೊಸ ಸೊಸೆ ಕಂಡದ್ದಕ್ಕೆಲ್ಲ ಬಾಯಿ ತೆರೆದು ನಿಂತರೆ ಚೆನ್ನಾಗಿರುವುದಿಲ್ಲವೆಂದು ಸುಮ್ಮನಾದೆ. ಬರಬರುತ್ತ ನನಗೂ ಅದು ಮಳೆ ಬಿಸಿಲಿನ ಹಾಗೆ ಆಯಿತು. ಒಂದೇ ಒಂದು ಕಟ್ಟಳೆ ಇತ್ತು. ಹೊರಡಬೇಕೆನ್ನುವ ಓಣಿಯವರ ಮನಸ್ಸೊಂದೇ ಸಾಲದು. ಉಳಿಯುವವರ ಒಂದೊಂದು ಒಲೆಯನ್ನೂ ಕೇಳಬೇಕು. ಎಲ್ಲರೂ ಹೋಗಲಿ ಎಂದರಷ್ಟೇ ನೆಲ ಕದಲುತ್ತಿತ್ತು. ಒಂದು ಮನೆಯವರು ಬೇಡವೆಂದರೂ ಓಣಿ ಇದ್ದಲ್ಲೇ ಇರುತ್ತಿತ್ತು.

ಮೂಡಲ ಓಣಿಯವರು ಹೊರಡುತ್ತೇವೆಂದ ಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದಾಗ ಚಾವಡಿಯ ಗುರುಪಾದಪ್ಪ ಕೈಯಲ್ಲಿ ಸುಣ್ಣದ ಕುಡಿಕೆ ಹಿಡಿದು ಮನೆ ಮನೆಗೆ ಬರುತ್ತಿದ್ದ. ಮನೆಯ ಹಿರಿಯರನ್ನು ಹೊಸ್ತಿಲಿಗೆ ಕರೆದು, "ಮೂಡಲ ಓಣಿಯವರು ಹೊಂಟೀವಿ ಅಂತಾರ. ಹೋಗಗೊಡಬೇಕೋ ಬ್ಯಾಡೋ?" ಎಂದು ಕೇಳುತ್ತಿದ್ದ. ಹೋಗಲಿ ಎಂದರೆ ಬಾಗಿಲ ತಲೆಕಟ್ಟಿನ ಮೇಲೆ ಒಂದು ಸುಣ್ಣದ ಬೊಟ್ಟು ಇಡುತ್ತಿದ್ದ. ಬೇಡ ಎಂದರೆ ಬೊಟ್ಟಿಲ್ಲ. ಹೀಗಾಗಿ ಯಾರ ಮನೆಯವರ ಮನಸ್ಸು ಹೇಗಿದೆ ಎನ್ನುವುದು ಬೀದಿಯಲ್ಲಿ ನಡೆದು ಹೋಗುವ ಎಲ್ಲರಿಗೂ ಕಾಣುತ್ತಿತ್ತು.

ನನ್ನ ಅತ್ತೆ ತಂಗೆವ್ವ ಸೋಬಾನದ ಹಾಡಿಗೆ ಹೆಸರಾದವರು. ಅದು ಒಬ್ಬರ ಹೆಸರಲ್ಲ, ಜೋಡಿ ಹೆಸರು: ತಂಗೆವ್ವ-ರತ್ನವ್ವ. ಮದುವೆಯಿರಲಿ, ಕುಬುಸವಿರಲಿ, ತೊಟ್ಟಿಲಿಡುವುದಿರಲಿ, ಬೀಗರು ಬರುವ ಮೊದಲು ಇವರಿಬ್ಬರು ಬಂದು ಚಾಪೆಯ ಮೇಲೆ ಕೂತಿರಬೇಕು. ಅತ್ತೆ ಸೊಲ್ಲು ಎತ್ತುವವರು, ರತ್ನವ್ವ ಸೊಲ್ಲು ಕೂಡಿಸುವವರು. "ಹಂದರದ ನೆರಳಿಗೆ ಹವಳದ ಬಳ್ಳಿ ಬಂತ" ಎಂದು ಅತ್ತೆ ಎತ್ತರದ ದನಿಯಲ್ಲಿ ಬಿಟ್ಟರೆ, "ನೀರ ಹೊತ್ತವರ್ಯಾರ, ನೆನೆದವರ್ಯಾರ" ಎಂದು ರತ್ನವ್ವ ತಗ್ಗಿನ ದನಿಯಲ್ಲಿ ಹಿಡಿಯುತ್ತಿದ್ದರು. ಇಬ್ಬರ ದನಿಯೂ ಸೇರುವ ಕಡೆ ಒಂದು ಕ್ಷಣ ಮೂರನೆಯವರು ಯಾರೋ ಹಾಡಿದ ಹಾಗೆ ಕೇಳುತ್ತಿತ್ತು. ನನ್ನ ಮದುವೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ನಾನು ಆ ಮೂರನೆಯವರು ಯಾರೆಂದು ನೋಡಲು ತಲೆ ಎತ್ತಿ ಎಲ್ಲರಿಂದ ಬೈಸಿಕೊಂಡಿದ್ದೆ.

ರತ್ನವ್ವ ಮೂಡಲ ಓಣಿಯವರು. ಅದು ನೂಲಿಗೆ ಬಣ್ಣ ಹಾಕುವವರ ಓಣಿ. ರತ್ನವ್ವನ ಎರಡೂ ಕೈ ಮಣಿಕಟ್ಟಿನವರೆಗೆ ನೀಲಿ. ಎಷ್ಟು ಉಜ್ಜಿದರೂ ಹೋಗದ ನೀಲಿ. ಅವರು ತಾಳ ಹಾಕುವಾಗ ಬಳೆಗಳ ಕೆಳಗೆ ಆ ನೀಲಿ ಮಿಂಚುತ್ತಿತ್ತು. ಮಧ್ಯಾಹ್ನ ಕೆಲಸ ಬಿಡುವಾದರೆ ನಮ್ಮ ಮನೆಯ ಹಿತ್ತಲಿಗೆ ಬಂದು, ಅತ್ತೆಯ ಜೊತೆ ಶಾವಿಗೆ ಹೊಸೆಯುತ್ತ, ಎಲೆಯಡಿಕೆ ಹಾಕಿಕೊಂಡು, ಊರ ಸೊಸೆಯರನ್ನೆಲ್ಲ ಆಡಿಕೊಂಡು, ನಾನು ಬಂದ ಕೂಡಲೆ ಮಾತು ನಿಲ್ಲಿಸಿ ನಗುತ್ತಿದ್ದರು. ಆ ಹಿತ್ತಲು, ಆ ಎಲೆಯಡಿಕೆಯ ವಾಸನೆ, ಇಬ್ಬರು ನಗುವಾಗ ಶಾವಿಗೆಯ ಎಳೆ ಕಡಿಯುತ್ತಿದ್ದದ್ದು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂಡಲ ಓಣಿಯವರ ದೂರು ಹೊಸದೇನಲ್ಲ. ಕೆರೆಯ ನೀರು ಎಲ್ಲ ಓಣಿ ಸುತ್ತಿ ಕಡೆಗೆ ಅವರಿಗೆ ಸೇರುತ್ತಿತ್ತು. ಬಣ್ಣದವರಿಗೆ ನೀರಿಲ್ಲದಿದ್ದರೆ ಕೈ ಕಟ್ಟಿದ ಹಾಗೆ. ಇತ್ತ ನಮ್ಮವರ ದೂರೂ ಇತ್ತು: ಹಳ್ಳವನ್ನೆಲ್ಲ ನೀಲಿ ಮಾಡುತ್ತಾರೆ, ದನ ನೀರು ಮುಟ್ಟುವುದಿಲ್ಲ ಎಂದು. ಚಾವಡಿಯಲ್ಲಿ ಒಂದು ಮಾತು ಎದ್ದರೆ ಓಣಿಯಿಂದ ಓಣಿಗೆ ಸರದಿಯ ಮೇಲೆ ಕೇಳುತ್ತ ಬರುತ್ತಿದ್ದರು. ಮೂಡಲ ಓಣಿಯ ಸರದಿ ಬರುವಷ್ಟರಲ್ಲಿ ತೀರ್ಮಾನವಾಗಿ, ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅವರ ಹಿರಿಯ ನಿಂತು ಮಾತಾಡುತ್ತಿದ್ದರೆ ಅರ್ಧ ಚಾವಡಿ ಖಾಲಿ. ಒಂದು ವರ್ಷ ಅವರು ಮಾತಾಡಲೇ ಇಲ್ಲ. "ನಾವು ಹೊಂಟೀವಿ" ಎಂದಷ್ಟೇ ಹೇಳಿ, ಎಲ್ಲರಿಗಿಂತ ಮೊದಲು ಎದ್ದು ಹೋದರು.

ಅಂದಿನಿಂದ ಊರಿಗೆ ಬೇರೆ ಮಾತೇ ಇರಲಿಲ್ಲ. ಮೌಲಾಸಾಬರ ಚಹಾದಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ. ನಿವೃತ್ತ ವೆಂಕೋಬ ಮಾಸ್ತರು ಬಲವಾಗಿ ಬೇಡ ಎನ್ನುವವರು. "ಇವತ್ತು ಓಣಿ ಹೋಗ್ತೈತಿ, ನಾಳೆ ಮನಿ ಹೋಗ್ತೈತಿ, ನಾಡದ್ದು ಮನಿಯೊಳಗಿನ ಅಡಗಿಮನಿ ನಾ ಬ್ಯಾರೆ ಅಂತೈತಿ. ಎಲ್ಲಿಗೆ ನಿಲ್ಲೂದಿದು?" ಎಂದು ಲೋಟ ಕುಕ್ಕುತ್ತಿದ್ದರು. "ಅಡಗಿಮನಿ ಯಾವತ್ತೋ ಬ್ಯಾರೆ ಆಗೈತಿ ಮಾಸ್ತರ, ನಿಮಗ ಗೊತ್ತಾಗಿಲ್ಲ," ಎಂದು ಯಾರೋ ಅಂದರೆ ಎಲ್ಲರೂ ನಗುತ್ತಿದ್ದರು. "ಪಂಕ್ತ್ಯಾಗ ಕುಂತಾಂವ ಏಳ್ತೀನಿ ಅಂದ್ರ ರಟ್ಟಿ ಹಿಡಿದು ಕೂಡ್ಸಿ ಉಣಸಾಕಾಗ್ತೈತೇನು?" ಎನ್ನುವವರಿದ್ದರು. "ಏಳ್ಲಿ. ಆದ್ರ ಕೆರಿ ಕಟ್ಟಾಗ ನಮ್ಮ ಅಜ್ಜನೂ ಕಲ್ಲು ಹೊತ್ತಾನ, ಅವರಜ್ಜನೂ ಹೊತ್ತಾನ. ಯಾರ ಕಲ್ಲು ಯಾರು ಒಯ್ಯಬೇಕು?" ಎನ್ನುವವರೂ ಇದ್ದರು. ಮೌಲಾಸಾಬರು ಮಾತ್ರ ಯಾರ ಕಡೆಗೂ ಇಲ್ಲ. ಅವರ ಹೆಂಡತಿಯ ತವರು ಮೂಡಲ ಓಣಿ. ಕೇಳಿದರೆ, "ನಮ್ಮನ್ಯಾಗ ಹಿರಿಯಾಕಿ ನಮ್ಮವ್ವ, ಆಕಿನ್ನ ಕೇಳ್ರಿ" ಎಂದು ಜಾರಿಕೊಳ್ಳುತ್ತಿದ್ದರು.

ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಬೊಟ್ಟು. ಮರುವರ್ಷ ಇನ್ನಷ್ಟು. ಆಮೇಲೊಂದು ಬೇಸಿಗೆಯಲ್ಲಿ ನೀರಿಗಾಗಿ ಕೈ ಕೈ ಮಿಲಾಯಿಸಿ, ಎರಡೂ ಕಡೆಯವರ ತಲೆ ಒಡೆದವು. ಆ ವರ್ಷ ಬೊಟ್ಟುಗಳು ಏಕಾಏಕಿ ಹೆಚ್ಚಿದವು. ನಾನು ನೀರಿಗೆ ಹೋಗುವಾಗ ಬಾಗಿಲುಗಳನ್ನು ನೋಡುತ್ತ ಹೋಗುತ್ತಿದ್ದೆ. ಕೆಲವರು ಪಾಪ, ಅವರ ಕಷ್ಟ ಅವರಿಗೆ ಎಂದು ಹೋಗಲಿ ಅಂದವರು. ಕೆಲವರು ಪೀಡೆ ತೊಲಗಲಿ ಎಂದು ಹೋಗಲಿ ಅಂದವರು. ಮಗಳನ್ನು ಅಲ್ಲಿಗೆ ಕೊಟ್ಟವರು, ಆಕೆಯಾದರೂ ನೆಮ್ಮದಿಯಾಗಿರಲಿ ಎಂದು ಕಣ್ಣೊರೆಸಿಕೊಂಡು ಹೋಗಲಿ ಅಂದವರು. ಬಾಗಿಲ ಮೇಲಿನ ಬೊಟ್ಟು ಮಾತ್ರ ಎಲ್ಲ ಕಡೆಗೂ ಒಂದೇ ತರ, ಒಂದೇ ಬಿಳುಪು.

ಕಡೆಗೆ ಮಾಸ್ತರ ಬಾಗಿಲಿಗೂ ಬೊಟ್ಟು ಬಿತ್ತು. "ವಾದ ಮಾಡಾಕ ನನ್ನ ಕಡೆ ಯಾರೂ ಉಳೀಲಿಲ್ಲ, ಒಬ್ಬನ ಎಷ್ಟಂತ ಬ್ಯಾಡ ಅನ್ಲಿ," ಎಂದರಂತೆ. ಆಗ ಊರಿಗೆಲ್ಲ ಒಂದೇ ಒಂದು ಬಾಗಿಲು ಬೋಳಾಗಿ ಉಳಿಯಿತು. ಅದು ನಮ್ಮದು.

ಗುರುಪಾದಪ್ಪ ಬಂದಾಗಲೆಲ್ಲ ಅತ್ತೆ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, "ಬ್ಯಾಡಪ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ಕಾರಣ ಹೇಳುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಹಾಡಿನ ಅರ್ಧ ಆ ಓಣಿಯಲ್ಲಿತ್ತು. ನನ್ನ ಗಂಡ ಶಿವಪುತ್ರ ಊಟಕ್ಕೆ ಕೂತಾಗ ಮೆಲ್ಲಗೆ ಎತ್ತಿದ. "ಯವ್ವಾ, ಒಂದ ಓಣಿಗೆ ಓಣಿ ನಿನ್ನ ಬಾಯಿ ನೋಡಾಕ ಹತ್ತೈತಿ. ಹಾಡು ಏನು, ಬ್ಯಾರೆ ಯಾರನ್ನರ ಕಲಿಸಿದ್ರಾತು." ಅತ್ತೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನಿನಗ ಬ್ಯಾರೆ ಯವ್ವನ್ನ ತಂದು ಕೊಟ್ರ ಆದೀತೇನು?" ಎಂದರು. ಅವನು ಮತ್ತೆ ಆ ಮಾತು ಎತ್ತಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೋಗಲಿ ಅಂತಲೇ ಅನ್ನುತ್ತಿದ್ದೆ. ತವರು ಬಿಟ್ಟು ಬಂದವಳಿಗೆ, ಹೊರಟವರನ್ನು ತಡೆಯುವುದು ದೊಡ್ಡ ಮಾತೆನಿಸಿತ್ತು. ಆದರೆ ಅತ್ತೆಯ ಮುಖ ನೋಡಿದಾಗ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಮೂಡಲ ಓಣಿಯ ಹಿರಿಯರು ತೆಂಗಿನಕಾಯಿ, ಕುಬುಸದ ಕಣ ತಂದು ನಮ್ಮ ಕಟ್ಟೆಯ ಮೇಲೆ ಕೂತರು. ಅತ್ತೆ ಅವರಿಗೆ ಚಹಾ ಮಾಡಿಸಿದರು, ಮಕ್ಕಳು ಮರಿ ಎಲ್ಲ ವಿಚಾರಿಸಿದರು, ಆ ಮಾತೊಂದನ್ನು ಬಿಟ್ಟು ಎಲ್ಲ ಆಡಿ ಕಳಿಸಿದರು. ಆಮೇಲೆ ನಮ್ಮದೇ ಓಣಿಯ ಹೆಂಗಸರು ಬಾವಿಯ ಹತ್ತಿರ ಅತ್ತೆ ಬಂದರೆ ಕೊಡ ಎತ್ತಿಕೊಂಡು ಹೊರಡತೊಡಗಿದರು. ಅವರಿಗೂ ಈ ಕೇಳುವುದು, ಹೇಳುವುದು ಸಾಕಾಗಿತ್ತು. ಅತ್ತೆ ಏನೂ ಆಗದವರ ಹಾಗೆ ನೀರು ಸೇದಿ, ಕೊಡ ಸೊಂಟಕ್ಕಿಟ್ಟು ಬರುತ್ತಿದ್ದರು. ಮನೆಗೆ ಬಂದ ಮೇಲೆ ಬಹಳ ಹೊತ್ತು ಅಂಗಳದಲ್ಲೇ ನಿಲ್ಲುತ್ತಿದ್ದರು.

ಈ ಎಲ್ಲದರ ನಡುವೆ ರತ್ನವ್ವ ನಮ್ಮ ಹಿತ್ತಲಿಗೆ ಬರುವುದನ್ನು ಬಿಟ್ಟಿರಲಿಲ್ಲ. ಇಬ್ಬರೂ ಶಾವಿಗೆ ಹೊಸೆಯುತ್ತಿದ್ದರು, ಮದುವೆಗಳಿಗೆ ಹೋಗಿ ಹಾಡುತ್ತಿದ್ದರು. ಆ ಮಾತು ಮಾತ್ರ ಇಬ್ಬರ ನಡುವೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅದು ಬಂತು. ನಾನು ಪಕ್ಕದಲ್ಲೇ ಬಟ್ಟೆ ಹಿಂಡುತ್ತಿದ್ದೆ.

"ತಂಗೀ," ಎಂದರು ರತ್ನವ್ವ, ಕೈಯಲ್ಲಿನ ಹಿಟ್ಟು ಕೆಳಗಿಟ್ಟು. "ನೀ ನನ್ನ ಸಲುವಾಗಿ ಬ್ಯಾಡ ಅನ್ನಾಕ ಹತ್ತೀದಿ ಅಂತ ಎಲ್ಲಾರೂ ಅಂತಾರ. ಖರೇ ಏನು?"

"ಮತ್ಯಾರ ಸಲುವಾಗಿ?" ಅತ್ತೆ ತಲೆ ಎತ್ತಲಿಲ್ಲ. "ನೀ ಹೋದ್ರ ನಾ ಯಾರ ಕೂಡ ಹಾಡ್ಲಿ?"

"ನಾನೂ ಹೋಗಬೇಕು ಅನ್ನಾಕಿನ. ನಿನಗ ಗೊತ್ತೈತಿಲ್ಲೋ?"

ಅತ್ತೆಯ ಕೈ ನಿಂತಿತು. ಗೊತ್ತಿರಲಿಲ್ಲವೆಂದು ಕಾಣುತ್ತದೆ, ಅಥವಾ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದರೋ. "ನಿನಗೇನ ಕಡಿಮಿ ಆಗೇತಿ ಇಲ್ಲಿ?" ಎಂದರು.

"ಇಷ್ಟ ವರ್ಷ ಕೂಡಿ ಹಾಡೀವಿ. ಒಂದ ದಿನರ, ರತ್ನಾ, ಇವತ್ತ ಮೊದಲ ನೀ ಎತ್ತು ಅಂದೀಯೇನು?"

"ನೀ ಎಂದರ ಕೇಳೀಯೇನು?"

"ಕೇಳಿದ್ರ ಕೊಡತಿದ್ದಿ. ನೀ ಕೆಟ್ಟಾಕಿ ಅಲ್ಲ." ರತ್ನವ್ವ ತಮ್ಮ ನೀಲಿ ಕೈಗಳನ್ನು ನೋಡಿಕೊಂಡರು. "ಕೇಳೂದ ಒಂದು ಸಾಕಾಗೇತಿ ನೋಡು. ನೀರು ಕೇಳೂದು, ಮಾತಿಗೆ ಸರದಿ ಕೇಳೂದು. ಈಗ ಹೋಗಾಕೂ ನಿನ್ನ ಕೇಳಬೇಕು."

ನಾನು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದೆ. ಆಮೇಲೆ ಅತ್ತೆ ಅಂದರು, "ಆತು. ಇವತ್ತ ಸಂಜಿಗೆ ಅಗಸರ ಮನಿ ಕುಬುಸ ಐತಿ. ನೀ ಮೊದಲ ಎತ್ತು. ಇನ್ನ ಮ್ಯಾಲೆ ಯಾವಾಗಲೂ ನೀನ ಎತ್ತು. ನಾ ಕೂಡಸ್ತೀನಿ."

ರತ್ನವ್ವ ನಕ್ಕರು. ಕೆಟ್ಟ ನಗುವಲ್ಲ ಅದು. ಮಗುವೊಂದು ತನ್ನ ಕೈಯಲ್ಲಿದ್ದ ತಿಂಡಿಯನ್ನೆಲ್ಲ ಒಮ್ಮೆಲೇ ಚಾಚಿದರೆ ನಗುತ್ತೇವಲ್ಲ, ಹಾಗೆ. "ಇವತ್ತ ಎತ್ತಿದ್ರ ಅದು ನೀ ಕೊಟ್ಟಿದ್ದ ಆಗ್ತೈತಿ, ತಂಗೀ. ನಾ ಹೋಗ್ತೀನಿ ಅಂದಿದ್ದಕ್ಕ ಕೊಟ್ಟಿದ್ದು. ಅದನ್ನ ಇಸ್ಕೊಂಡು ನಾ ಎಷ್ಟ ದಿನ ಹಾಡ್ಲಿ?" ಎಂದು ಎದ್ದು, ಸೆರಗಿನಿಂದ ಹಿಟ್ಟು ಕೊಡವಿಕೊಂಡು ಹೋದರು. ಅರ್ಧ ಹೊಸೆದ ಶಾವಿಗೆ ಹಾಗೇ ಉಳಿಯಿತು. ಅತ್ತೆ ಅದನ್ನು ಮುಗಿಸಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಸಂಜೆಯ ಹೊತ್ತಿಗೆ ಗುಬ್ಬಿಗಳು ಅದನ್ನು ಕುಕ್ಕಿ ಕುಕ್ಕಿ ಒಯ್ದವು.

ಅಗಸರ ಮನೆಯಲ್ಲಿ ಇಬ್ಬರೂ ಎಂದಿನಂತೆಯೇ ಹಾಡಿದರು. ಅತ್ತೆ ಎತ್ತಿದರು, ರತ್ನವ್ವ ಕೂಡಿಸಿದರು. ಬಂದವರು ಎಂಥಾ ಚಂದ ಹಾಡಿದರು ಎಂದು ಬಾಯಿ ತುಂಬ ಹೊಗಳಿದರು. ನನಗೆ ಆ ದಿನ ಮೂರನೆಯವರ ದನಿ ಕೇಳಲಿಲ್ಲ.

ಮುಂದಿನ ಸುಗ್ಗಿಯವರೆಗೂ ಅತ್ತೆ ಕಾಯಲಿಲ್ಲ. ಒಂದು ಬೆಳಿಗ್ಗೆ ತಾವೇ ಹೇಳಿ ಕಳಿಸಿ ಗುರುಪಾದಪ್ಪನನ್ನು ಕರೆಸಿದರು. ಸುದ್ದಿ ಹೇಗೋ ಹರಡಿ, ಅವನು ಕುಡಿಕೆ ಹಿಡಿದು ಬರುವಷ್ಟರಲ್ಲಿ ನಮ್ಮ ಮನೆಯ ಮುಂದೆ ಜಾತ್ರೆಯಷ್ಟು ಜನ. ಮೂಡಲ ಓಣಿಯವರು ಒಂದು ಕಡೆ, ಉಳಿದವರು ಒಂದು ಕಡೆ. ಗುರುಪಾದಪ್ಪ ಗಂಟಲು ಸರಿಮಾಡಿಕೊಂಡು, ಎಂದಿನ ಮಾತನ್ನೇ ಕೇಳಿದ. ಅತ್ತೆ ಹೊಸ್ತಿಲಲ್ಲಿ ನಿಂತು, ತಲೆಯ ಮೇಲಿನ ಸೆರಗು ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಹೋಗಿ ಬರಲಿ."

ಗುರುಪಾದಪ್ಪನ ಕೈ ಬಾಗಿಲ ಹತ್ತಿರ ಹೋಗಿ ಅಲ್ಲೇ ನಿಂತಿತು. ಅವನು ಮಾಸ್ತರರತ್ತ ನೋಡಿದ. ಮಾಸ್ತರರಿಗೆ ಮತ್ತೆ ಜೀವ ಬಂದಂತಾಯಿತು. "ಕಟ್ಟಳಿ ಪ್ರಕಾರ ಹೋಗಲಿ ಅನ್ನಬೇಕು. ಹೋಗಿ ಬರಲಿ ಅಂದ್ರ ಅದು ಹೋಗೂದಲ್ಲ, ಬರೂದು. ಬೊಟ್ಟು ಇಡಾಕ ಬರೂದಿಲ್ಲ," ಎಂದರು. ಮೂಡಲ ಓಣಿಯ ಹಿರಿಯನಿಗೆ ಸಿಟ್ಟು ಬಂತು. "ನಾವು ಬರಾಕ ಹೊಂಟೀವೇನ್ರಿ? ಒಲ್ಲೆ ಅನ್ನೂದನ್ನ ನಯವಾಗಿ ಅಂದಾಳ ಅಷ್ಟ!" ಎಂದ. ಯಾರೋ ಕೂಗಿದರು, ಯಾರೋ ತಳ್ಳಿದರು. ಅತ್ತೆ ಹೊಸ್ತಿಲ ಮೇಲೆ ಹಾಗೇ ನಿಂತಿದ್ದರು. ಬೇಕೆಂದು ಅಂದರೋ, ಬಾಯಿಗೆ ಬಂದದ್ದೇ ಅದೋ, ನನಗೆ ಇವತ್ತಿಗೂ ತಿಳಿಯದು.

ರತ್ನವ್ವ ಗುಂಪಿನಿಂದ ಮುಂದೆ ಬಂದರು. "ಗುರುಪಾದೂ, ಬೊಟ್ಟು ಇಡು," ಎಂದರು. "ಹೊಸ್ತಿಲ ದಾಟಾವ್ರಿಗೆ ಹೋಗು ಅಂತ ನಮ್ಮಾಗ ಯಾವಾಕಿ ಅಂತಾಳಪಾ? ನಿನ್ನ ಹೇಂತಿ ನಿನಗ ಮುಂಜಾನಿ ಏನಂತಾಳ?" ಜನ ನಗಲಾರದೆ ನಕ್ಕರು. "ಆಕಿ ಹೋಗಲಿ ಅಂದಾಳ. ಆಕಿ ಬಾಯಾಗ ಅದು ಹಂಗ ಬರ್ತೈತಿ. ನನಗ ತಿಳದೈತಿ, ಸಾಕು."

ಗುರುಪಾದಪ್ಪ ಬೊಟ್ಟು ಇಟ್ಟ. ಸುಣ್ಣ ಹೆಚ್ಚಾಗಿ ಅದು ಕೆಳಗೆ ಸ್ವಲ್ಪ ಇಳಿಯಿತು.

ನೆಲ ಕದಲುವುದು ನೀವು ಅಂದುಕೊಂಡ ಹಾಗಿರುವುದಿಲ್ಲ. ಸದ್ದಿಲ್ಲ, ನಡುಕವಿಲ್ಲ. ಮರುದಿನ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದಾಗ ಮೂಡಲ ಓಣಿಯ ಹುಣಸೆಮರ ಎಂದಿನ ಜಾಗದಲ್ಲಿಲ್ಲ ಅನಿಸಿತು. ಹೋಗಿ ನೋಡಿದರೆ ಎರಡು ಓಣಿಗಳ ನಡುವೆ ಒಂದು ಗೇಣು ಬಿರುಕು. ಮಧ್ಯಾಹ್ನದ ಹೊತ್ತಿಗೆ ಅದು ಕಾಲುವೆಯಷ್ಟಾಯಿತು. ಓಣಿ ಎರೆಹೊಲದಲ್ಲಿ ಭಾರದ ಗಾಡಿ ಹೋಗುವಷ್ಟು ಮೆಲ್ಲಗೆ ಹೋಗುತ್ತಿತ್ತು. ಕೋಳಿಗಳು ಆ ಕಡೆ ಈ ಕಡೆ ಹಾರಿ ಹಾರಿ ಕಡೆಗೆ ಯಾವ ಕಡೆ ತಮ್ಮದೆಂದು ಮರೆತವು. ಇಡೀ ಊರು ಅದರ ಪಕ್ಕ ನಡೆಯತೊಡಗಿತು. ಎಂದೋ ಕಡ ತಂದ ಜರಡಿಯನ್ನು ಯಾರೋ ಓಡಿ ಹೋಗಿ ಕೊಟ್ಟರು. ಇನ್ಯಾರೋ ಸಿಟ್ಟಿನಲ್ಲಿ ಹಾಕಿದ ಶಾಪವನ್ನು ಹಿಂತೆಗೆದುಕೊಂಡರು. ಮೌಲಾಸಾಬರು ಕಿಟ್ಲಿ ಹಿಡಿದು ಎರಡೂ ಕಡೆಯವರಿಗೆ ಚಹಾ ಕೊಡುತ್ತ ನಡೆದರು, ಆ ದಿನ ಯಾರಿಂದಲೂ ಕಾಸು ಇಸಿದುಕೊಳ್ಳಲಿಲ್ಲ. ಅವರ ಹೆಂಡತಿ ತವರಿನ ಕಟ್ಟೆಯ ಮೇಲೆ ಕೂತು ಸ್ವಲ್ಪ ದೂರ ಹೋಗಿ, ಇಳಿದು, ನಡೆದು ಬಂದು ಗಂಡನ ಜೊತೆ ನಿಂತರು.

ರತ್ನವ್ವ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಅತ್ತೆ ಇತ್ತ ನಮ್ಮ ನೆಲದ ಮೇಲೆ ಅವರ ಸಮಕ್ಕೆ ನಡೆಯುತ್ತಿದ್ದರು, ಅತ್ತೆಯ ಹಿಂದೆ ನಾನು. ಇಬ್ಬರೂ ಆಡಿದ ಮಾತು ಕೇಳಿದರೆ ನಗು ಬರಬೇಕು. "ಉಪ್ಪಿನಕಾಯಿಗೆ ಎಣ್ಣಿ ಹೆಚ್ಚು ಹಾಕು, ಅಲ್ಲಿ ಗಾಳಿ ಹೆಂಗೈತೋ ಏನೋ." "ನಿನ್ನ ಕರಿ ಎಮ್ಮಿ ಈಯೂದು ಯಾವಾಗ?" "ಅದಿಕ್ಕ ಇನ್ನೂ ದಿನ ಐತಿ." ಹೊತ್ತು ಇಳಿಯುವವರೆಗೆ ಹೀಗೇ. ನಡುವಿನ ಜಾಗ ಅಗಲವಾದ ಹಾಗೆ ದನಿ ಏರುತ್ತ ಹೋಯಿತು. ಒಂದು ಬದುವಿನ ಹತ್ತಿರ ಅತ್ತೆ ಎಡವಿದರು. ಆ ಕಡೆಯಿಂದ ರತ್ನವ್ವ, "ಕುಂದ್ರಬೇ ಅಲ್ಲೆ! ಮೊಣಕಾಲು ನೆಟ್ಟಗಿಲ್ಲ, ಎಲ್ಲೀತನ ಬರ್ತಿ?" ಎಂದು ಬೈದರು. ಅತ್ತೆ ಬದುವಿನ ಕಲ್ಲಿನ ಮೇಲೆ ಕೂತರು. ಓಣಿ ಹೋಗುತ್ತಲೇ ಇತ್ತು. ಅದರ ಹೊಗೆ, ಅದರ ಮಕ್ಕಳ ಗಲಾಟೆ, ಒಣಹಾಕಿದ ನೀಲಿ ನೂಲಿನ ಲಡಿಗಳು. ಸಂಜೆಯ ಬಿಸಿಲಿನಲ್ಲಿ ಆ ನೂಲು ಕಾಣುವವರೆಗೂ ಕೂತಿದ್ದು, ಆಮೇಲೆ ಅತ್ತೆ ನನ್ನ ಭುಜ ಹಿಡಿದು ಎದ್ದರು.

ಮೊದಮೊದಲು ಅವರು ಸಂತೆಗೆ ಬರುತ್ತಿದ್ದರು. ದೂರವಾದ ಹಾಗೆ ಕಡಿಮೆಯಾಗಿ, ನಿಂತಿತು. ಹಳ್ಳದ ನೀರು ತಿಳಿಯಾಯಿತು, ದನಗಳು ಕುಡಿದವು. ಜನ ಅದನ್ನು ನೋಡಿ ಸಂತೋಷಪಡಬೇಕಿತ್ತು, ಆದರೆ ಹಳ್ಳ ಏನೋ ಬೋಳು ಬೋಳು ಕಾಣುತ್ತದೆ ಎಂದು ಮಾಸ್ತರರೇ ಒಂದು ದಿನ ಅಂದರು. ಮೂಡಣ ದಿಕ್ಕಿನಲ್ಲಿ ನಮಗೂ ಒಂದು ಬಯಲಾಯಿತು. ಅಲ್ಲಿ ಮನೆ ಕಟ್ಟಲು ಹೊರಟವರನ್ನು ಚಾವಡಿಯವರು ತಡೆದರು. ಹೋಗಿ ಬರಲಿ ಎಂದು ಒಬ್ಬರು ಅಂದಿದ್ದಾರಲ್ಲ, ಬಂದರೆ ಜಾಗ ಬೇಡವೇ ಎಂದು.

ಅತ್ತೆ ಒಂದು ವರ್ಷ ಎಲ್ಲೂ ಹಾಡಲಿಲ್ಲ. ಆಮೇಲೆ ಕುಂಬಾರರ ಮದುವೆಯಲ್ಲಿ ಹುಡುಗಿಯ ಅಜ್ಜಿ ಬಂದು ಕಾಲು ಹಿಡಿದಂತೆ ಕೇಳಿದ್ದರಿಂದ ಹೋಗಿ ಕೂತರು. "ಹಂದರದ ನೆರಳಿಗೆ ಹವಳದ ಬಳ್ಳಿ ಬಂತ" ಎಂದರು. ನಿಲ್ಲಿಸಿದರು. ಮೊಣಕಾಲ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತ, ರತ್ನವ್ವನ ಸಾಲು ಎಷ್ಟು ಉದ್ದವೋ ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮುಂದಿನ ಸಾಲು. ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಕೇಳಿ ಕೇಳಿ ಒಂದೆರಡು ಸಾಲು ಕಲಿತಿದ್ದೆ, ಬಾಯಿ ತೆರೆದೆ. ಅತ್ತೆ ನನ್ನ ಕೈ ಮೇಲೆ ಕೈಯಿಟ್ಟು ತಡೆದರು. ಮನೆಗೆ ಬರುವಾಗ ಕೇಳಿದರೆ, "ಅವು ನಮಗ ಬರೂದಿಲ್ಲಬೇ," ಎಂದರು.

ಜನ ಅದಕ್ಕೂ ಒಗ್ಗಿಕೊಂಡರು. ನಮ್ಮ ಊರಿನ ಮದುವೆಯ ಹಾಡು ಎಂದರೆ ಹೀಗೇ, ಒಂದು ಸಾಲು ಹಾಡು, ಒಂದು ಸಾಲು ಮೌನ. ಆ ಮೌನದಲ್ಲಿ ಅಡುಗೆಯವರು ಸೌಟು ಬಡಿಯುವುದು, ಮಗು ಅಳುವುದು, ಮದುಮಗಳ ಬಳೆ ಅಲುಗುವುದು ಕೇಳುತ್ತಿತ್ತು. ಎಷ್ಟೋ ಹುಡುಗಿಯರು ಹಾಡಿಗೆ ಅಳದೆ ಸರಿಯಾಗಿ ಆ ಮೌನ ಬಂದಾಗ ಅಳುತ್ತಿದ್ದರು.

ಹೀಗೆ ಬಹಳ ವರ್ಷ ಕಳೆದವು. ನನ್ನ ತಲೆಯಲ್ಲೂ ಬಿಳಿಕೂದಲು ಕಂಡವು. ಒಂದು ದಿನ ಬಳೆಗಾರನೊಬ್ಬ ರತ್ನವ್ವನ ಕಡೆಯಿಂದ ಅಕ್ಷತೆ ತಂದ. ಮೊಮ್ಮಗಳ ಮದುವೆ, ತಂಗೆವ್ವ ಬರಲೇಬೇಕು ಎಂದು ಹೇಳಿ ಕಳಿಸಿದ್ದರು. ಅತ್ತೆಗೆ ಆಗ ನಡೆಯುವುದೇ ಕಷ್ಟ. ಆದರೂ ಅಕ್ಷತೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ನಡಿ" ಎಂದರು. ನಾವಿಬ್ಬರೂ ಬಸ್ಸಿನಲ್ಲಿ ಹೊರಟೆವು. ಮೂಡಲ ಓಣಿಗೆ ಎರಡು ಟಿಕೆಟ್ ಕೇಳಿದರೆ ಕಂಡಕ್ಟರ್ ತಲೆ ಕೆರೆದುಕೊಂಡ. "ಮೊದಲ ಈ ತಿರುವಿನ್ಯಾಗ ಇಳಸ್ತಿದ್ದೆ. ನಾಕೈದ ವರ್ಷ ಆತು, ಹೊಳಿ ದಂಡಿಗೆ ಹೋಗೇತಿ. ಅಲ್ಲೆ ನಿಂತಂಗೈತಿ ಬಿಡ್ರಿ, ಮುಂದ ಸರದಿಲ್ಲ," ಎಂದ.

ಓಣಿ ಹೊಳೆಯ ದಂಡೆಯ ಮೇಲೆ ಆರಾಮವಾಗಿ ಕೂತಿತ್ತು. ನೀರಿಗೆ ಈಗ ಅವರು ಯಾರನ್ನೂ ಕೇಳಬೇಕಿರಲಿಲ್ಲ. ಹೊಸ ಚಾವಡಿ ಕಟ್ಟಿದ್ದರು. ಅದು ಗುಂಡಗಿತ್ತು, ಕೂತರೆ ಯಾರು ಮೊದಲು ಯಾರು ಕಡೆಗೆ ಎಂದು ಗೊತ್ತಾಗದ ಹಾಗೆ. ರತ್ನವ್ವ ಬೆನ್ನು ಬಾಗಿ, ಕೋಲು ಹಿಡಿದು ಬಾಗಿಲಿಗೆ ಬಂದರು. ಅವರ ಕೈಯ ನೀಲಿ ಮಾಸಿತ್ತು. ಬಣ್ಣದ ಕೆಲಸ ಬಿಟ್ಟು ಬಹಳ ದಿನವಾಗಿತ್ತಂತೆ. ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. "ಇಷ್ಟ ತಡಾ ಮಾಡ್ದಿ" ಎಂದು ಒಬ್ಬರು, "ನಿನ್ನ ಓಣಿ ಒಂದ ಕಡೆ ನಿಂತ್ರಲ್ಲ ಬರೂದು" ಎಂದು ಇನ್ನೊಬ್ಬರು.

ಒಳಗೆ ಕಾಲಿಡುವಾಗ ಅತ್ತೆ ನಿಂತು ಬಾಗಿಲ ತಲೆಕಟ್ಟನ್ನು ದಿಟ್ಟಿಸಿದರು. ಅಲ್ಲೊಂದು ಸುಣ್ಣದ ಬೊಟ್ಟಿತ್ತು. ಆ ಕಡೆ ಈ ಕಡೆ ನೋಡಿದರೆ ಬೇರೆ ಯಾವ ಬಾಗಿಲಿಗೂ ಇರಲಿಲ್ಲ.

"ಇದೇನ?" ಎಂದರು ಅತ್ತೆ.

"ಕೆಳಗಿನ ಸಾಲಿನವರು ಬ್ಯಾರೆ ಹೊಂಟಾರ. ಹೊಳಿ ಅವರಿಗೆ ಸಮೀಪ, ನಾವು ಮ್ಯಾಲಿನವರು ದಬ್ಬಾಳಿಕಿ ಮಾಡ್ತೀವಂತ." ರತ್ನವ್ವ ಕೋಲಿನಿಂದ ಆ ಕಡೆ ತೋರಿಸಿದರು. "ನನ್ನ ಹಿರೇಮಗ ಆ ಸಾಲಿನ್ಯಾಗ ಅದಾನ. ಮೊಮ್ಮಗಳೂ ಅವನ ಮಗಳ. ಇಲ್ಲಿ ಯಾರೂ ಒಪ್ಪವಲ್ರು. ಮೊನ್ನೆ ಕೇಳಾಕ ಬಂದಿದ್ರು."

"ನೀ ಕೂಡಲೆ ಹೋಗಲಿ ಅಂದ್ಯಾ?"

"ಅಂದೆ. ಹಿಂದಿಂದ ನಾಕ ದಿನ ಅನ್ನ ಸೇರಲಿಲ್ಲ." ರತ್ನವ್ವ ಅತ್ತೆಯ ಕೈ ಹಿಡಿದು ಒಳಗೆ ಎಳೆದುಕೊಂಡರು. "ನಾ ನಿನ್ನ ಕಡಿಂದ ಬೊಟ್ಟು ಇಸ್ಕೊಂಡಾಕಿ ಅಲ್ಲೇನ. ನಾ ಹೆಂಗ ಒಲ್ಲೆ ಅನ್ಲಿ?"

ಸಂಜೆ ಹಂದರದಡಿ ಮದುಮಗಳನ್ನು ಕೂರಿಸಿದರು. ಮುದುಕಿಯರಿಬ್ಬರಿಗೂ ಒಂದೇ ಚಾಪೆ. ನಾನು ಅತ್ತೆಯ ಬೆನ್ನಿಗೆ ಆನಿಕೆಯಾಗಿ ಕೂತೆ. ಎಲ್ಲರೂ ಕಾಯುತ್ತಿದ್ದರು, ಅತ್ತೆಯೂ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ರತ್ನವ್ವ ಎತ್ತಿದರು. ಯಾರನ್ನೂ ನೋಡದೆ, ಯಾರಿಗೂ ಕಾಯದೆ, ತಮ್ಮ ತಗ್ಗಿನ ದನಿಯಲ್ಲೇ: "ಹೊಳೆಯ ದಂಡೆಗೆ ಹವಳದ ಬಳ್ಳಿ ಬಂತ." ಮಾತೂ ಬೇರೆ, ಧಾಟಿಯೂ ಒಂದಿಷ್ಟು ಬೇರೆ. ಆ ಓಣಿಯ ಹುಡುಗಿಯರು ತಲೆದೂಗಿದ್ದನ್ನು ನೋಡಿದರೆ ಅವರಿಗೆ ಇದೇ ಹಾಡು, ಮೊದಲಿನದು ಯಾರಿಗೂ ಗೊತ್ತಿಲ್ಲ.

ಅತ್ತೆಯ ಬೆನ್ನು ನನ್ನ ಎದೆಗೆ ತಾಗಿತ್ತು. ಅದು ಒಂದು ಕ್ಷಣ ಬಿಗಿದುಕೊಂಡದ್ದು ನನಗೆ ಗೊತ್ತಾಯಿತು. ಧಾಟಿ ತಪ್ಪಿತು ಎಂದು ಈಗ ಜಗಳ ತೆಗೆಯುತ್ತಾರೆ ಅಂದುಕೊಂಡೆ. ಆಮೇಲೆ ಅತ್ತೆ ಉಸಿರು ಎಳೆದುಕೊಂಡು ಹಾಡಿದರು. "ನೀರ ಹೊತ್ತವರ್ಯಾರ, ನೆನೆದವರ್ಯಾರ." ಒಂದಕ್ಷರ ತಪ್ಪಲಿಲ್ಲ. ಮುಂದಿನದೂ ತಪ್ಪಲಿಲ್ಲ, ಅದರ ಮುಂದಿನದೂ. ಹಾಡಿನ ಉದ್ದಕ್ಕೂ ರತ್ನವ್ವನ ಒಂದೊಂದು ಸಾಲನ್ನೂ ಅತ್ತೆ ಹೇಳುತ್ತ ಹೋದರು, ಎತ್ತರದ ದನಿಯನ್ನು ಬಗ್ಗಿಸಿ, ಕೆಲವು ಕಡೆ ಅದು ಸಿಗದೆ ಕೆಮ್ಮಿ, ಮತ್ತೆ ಹಿಡಿದು. ರತ್ನವ್ವ ನಡುವೆ ಒಮ್ಮೆ ನಿಲ್ಲಿಸಿ, "ಅಲ್ಲಿ ಸ್ವಲ್ಪ ಎಳೀಬೇಕು" ಎಂದರು. ಅತ್ತೆ ಎಳೆದರು.

ಮರುದಿನ ಬಸ್ಸಿನಲ್ಲಿ ಬರುವಾಗ ಅತ್ತೆ ಕಿಟಕಿಯ ಪಕ್ಕ ಕೂತು ಹೊಳೆಯ ಕಡೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅತ್ತೀ, ಆಕೀ ಸೊಲ್ಲೆಲ್ಲಾ ನಿಮಗ ಬರ್ತಿದ್ವಲ್ಲ. ಇಷ್ಟ ವರ್ಷ ಯಾಕ ಸುಮ್ಮ ಕುಂದ್ರತಿದ್ರಿ?"

"ಬರದ ಏನಬೇ?" ಎಂದರು ಅತ್ತೆ, ಮುಖ ತಿರುಗಿಸದೆ. "ಹಾಡಾಕ ಬರ್ತಿದ್ವು. ಆದ್ರ ಅವು ಆಕಿ ಸೊಲ್ಲು. ಆಕಿ ಮೊದಲ ಎತ್ತದ ನಾ ಹೆಂಗ ಅನ್ಲಿ?"

ಬಸ್ಸು ತಿರುವಿನಲ್ಲಿ ವಾಲಿತು. ನಾನು ಅವರ ತೋಳು ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವರು ನನ್ನ ಭುಜಕ್ಕೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ಚಿಕ್ಕ ಮಕ್ಕಳ ಹಾಗೆ ನಿದ್ದೆ ಹೋದರು.